ತಲೆಗೆ ಹಚ್ಚಿದ ಮಾತ್ರೆ

ಡ್ರಗ್ ಇನ್‌ಸ್ಪೆಕ್ಟರ್ ಅಂದ ಕೂಡಲೇ ಜನ ನನ್ನ ಸೊಂಟದ ಕಡೆ ನೋಡೋರು, ಪಿಸ್ತೂಲು ಎಲ್ಲಿ ಅಂತ. ಪಿಸ್ತೂಲೂ ಇಲ್ಲ, ಮಣ್ಣೂ ಇಲ್ಲ! ನನ್ನ ಚೀಲದಲ್ಲಿ ಇರ್ತಿದ್ದದ್ದು ಅರಗಿನ ಕಡ್ಡಿ, ಮೇಣದಬತ್ತಿ, ಬೆಂಕಿಪೊಟ್ಟಣ, ಕಂದು ಕಾಗದ, ದಾರದ ಉಂಡೆ, ಒಂದು ಹಿತ್ತಾಳೆ ಮೊಹರು. ಔಷಧಿ ಅಂಗಡಿಗೆ ಹೋಗಬೇಕು, ಅನುಮಾನ ಬಂದದ್ದರ ಮಾದರಿ ತೆಗೀಬೇಕು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು, ತಪ್ಪು ಕಂಡರೆ ಕೋರ್ಟಿಗೆ ಹೋಗಬೇಕು. ಇಷ್ಟೇ ಕೆಲಸ. ಇಷ್ಟೇ ಅಂದುಕೊಂಡೇ ನಾನೂ ಸೇರಿದ್ದು! ಈಗ ಹೊಸದಾಗಿ ಈ ಕೆಲಸಕ್ಕೆ ಬಂದಿರೋ ಹುಡುಗ ಹುಡುಗಿಯರು ಫೋನ್ ಮಾಡಿ, “ಮೇಡಂ, ಏನಾದ್ರೂ ಟಿಪ್ಸ್ ಕೊಡಿ” ಅಂತಾರೆ. ಟಿಪ್ಸ್ ಅಂತೆ ಟಿಪ್ಸು. ಕೂತು ಕೇಳಿ, ಪೂರ್ತಿ ಹೇಳ್ತೀನಿ. ಬಡ್ತಿ, ವರ್ಗಾವಣೆ, ಹಾರ ತುರಾಯಿ ಎಲ್ಲ ಬಿಟ್ಟು ಹೇಳ್ತೀನಿ. ಹುದ್ದೆಯ ಹೆಸರು ಏನೇನೋ ಆಯ್ತು, ಶಿಕಾರಿಪುರ ಸೊರಬದ ಜನಕ್ಕೆ ನಾನು ಕೊನೆವರೆಗೂ ಇನ್‌ಸ್ಪೆಕ್ಟರ್ ಮೇಡಮ್ಮೇ.

ಮೊದಲು ನನ್ನ ದಡ್ಡತನ ಒಪ್ಪಿಕೊಂಡುಬಿಡ್ತೀನಿ, ಆಮೇಲೆ ಧೈರ್ಯವಾಗಿ ಉಳಿದದ್ದು ಹೇಳಬಹುದು. ಕೆಲಸಕ್ಕೆ ಸೇರಿದ ಹೊಸತು. ಸೊರಬದ ಒಂದು ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪು ಬರೀ ನೀರಿನಂಗೆ ಅಲ್ಲಾಡ್ತಿತ್ತು. ನನಗೆ ಖುಷಿಯೋ ಖುಷಿ, ಮೊದಲ ಬೇಟೆ! ಕಾನೂನಿನ ಪ್ರಕಾರ ಮಾದರಿಯನ್ನ ನಾಲ್ಕು ಪಾಲು ಮಾಡಬೇಕು. ಒಂದು ಪ್ರಯೋಗಾಲಯಕ್ಕೆ, ಒಂದು ಕೋರ್ಟಿಗೆ, ಒಂದು ತಯಾರಿಸಿದ ಕಂಪನಿಗೆ, ಒಂದು ಅಲ್ಲೇ ಅಂಗಡಿಯವನ ಕೈಗೆ. ನಾನು ನಾಲ್ಕಕ್ಕೂ ಚಂದವಾಗಿ ಅರಗು ಹಾಕಿದೆ, ನಾಲ್ಕನ್ನೂ ಚೀಲಕ್ಕೆ ತುಂಬಿಕೊಂಡು ಹೊರಟೆ. ಅಂಗಡಿಯವನು ಪಾಪ ಹಿಂದಿನಿಂದ ಕೂಗಿದ, “ಮೇಡಂ, ನಂದೊಂದು ಪಾಲು ಇರ್ಬೇಕಲ್ಲ?” ನಾನು ತಿರುಗಿ, “ಏನ್ರೀ, ತಮಾಷೆನಾ?” ಅಂತ ಗದರಿಸಿ ಬಸ್ ಹತ್ತಿದೆ. ಅದೊಂದೇ ಕಾರಣಕ್ಕೆ ಕೋರ್ಟಲ್ಲಿ ಕೇಸು ಬಿದ್ದುಹೋಯ್ತು. ಹೊರಗೆ ಬಂದರೆ ಅದೇ ಅಂಗಡಿಯವನು, “ಬರ್ರಿ ಮೇಡಂ, ಒಂದು ಟೀ ಕುಡಿಯಾಣ” ಅಂತ ಕರೀತಿದಾನೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ನನ್ನ ಮೇಲಿನ ಸಾಹೇಬರು ಬೈಯಲಿಲ್ಲ. ಅವರದ್ದು ನುಣ್ಣನೆ ಬೋಳು ತಲೆ, ಸಿಟ್ಟು ಬಂದರೆ ಅಂಗೈಯಲ್ಲಿ ಅದನ್ನ ಸವರಿಕೊಳ್ಳೋರು. ಅವತ್ತು ಹತ್ತು ಸಲ ಸವರಿಕೊಂಡು ಒಂದೇ ಮಾತು ಹೇಳಿದರು, “ಕಾಗದ ಮೊದಲು, ಕೋಪ ಆಮೇಲೆ.” ಅಂದರೆ ಎದುರಿಗೆ ಎಂಥ ಖದೀಮ ನಿಂತಿದ್ದರೂ ಮೊದಲು ಸಾಕ್ಷಿಗಳನ್ನ ಕರೆಸು, ಪಂಚನಾಮೆ ಬರೆ, ಮೊಹರು ಹಾಕು, ಕೂಗಾಡೋದು ಆಮೇಲೆ ಇದ್ದೇ ಇದೆ. ಅವತ್ತಿನಿಂದ ಅದನ್ನ ನಾನು ದೇವರ ಮಾತಿನಂಗೆ ಪಾಲಿಸಿದೆ. ಒಂದೇ ಒಂದು ಸಲ ಮುರಿದೆ. ನಿಮಗೆ ಹೇಳಬೇಕು ಅಂತ ಕೂತಿರೋದು ಆ ಒಂದು ಸಲದ ಕಥೆ.

ಕಾಲ ಎಷ್ಟು ಬದಲಾಯ್ತು ಅಂತೀರಿ! ಅರಗು ಕರಗಿಸಿ ಬೆರಳು ಸುಟ್ಟುಕೊಳ್ತಿದ್ದ ನಾನು ಕೊನೆ ಕೊನೆಗೆ ಕಂಪ್ಯೂಟರಿನಲ್ಲಿ ವರದಿ ತುಂಬಿದೆ. ಕಳ್ಳರೇನು ಹಿಂದೆ ಉಳಿದರಾ? ಮೊದಲು ಬಸ್ ಸ್ಟ್ಯಾಂಡಿನಲ್ಲಿ ಹಾವು ತೋರಿಸಿ ಎಣ್ಣೆ ಮಾರೋರು. ಈಗ ಲಾಡ್ಜಿನಲ್ಲಿ ರೂಮು ಹಿಡೀತಾರೆ, ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೊಡ್ತಾರೆ, ಬಿಳಿ ಕೋಟು ಹಾಕ್ತಾರೆ. ಜ್ವರಕ್ಕೆ ಮೋಸದ ಔಷಧಿ ಕೊಟ್ಟರೆ ಜನ ಜಗಳಕ್ಕೆ ಬರ್ತಾರೆ, ಕೂದಲಿಗೆ ಕೊಟ್ಟರೆ ಯಾರೂ ಬಾಯಿ ಬಿಡಲ್ಲ. ನಾಚಿಕೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ನಾನು ನಿವೃತ್ತಿಯಾಗೋಕೆ ಆರು ತಿಂಗಳು ಚಿಲ್ಲರೆ ಉಳಿದಿತ್ತು. ಒಂದು ಮಧ್ಯಾಹ್ನ ಆಫೀಸಿನ ಬಾಗಿಲಲ್ಲಿ ಒಬ್ಬ ಯುವಕ ನಿಂತ. ತಲೆ ಮೇಲೆ ಟೋಪಿ, ಕೊರಳಲ್ಲಿ ವಿಶಲ್ಲು. ಹೆಸರು ಕೊಟ್ರೇಶ, ಊರು ಶಿಕಾರಿಪುರದ ಹತ್ತಿರ ಈಸೂರು. ಸೊರಬದ ಕಡೆ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಅಕ್ಕನನ್ನ ಹೊಸಬಾಳೆಗೆ ಕೊಟ್ಟಿದ್ದರು, ಶಾಲೆಗೆ ಹತ್ತಿರ ಅಂತ ಅಕ್ಕನ ಮನೆಯಲ್ಲೇ ಇದ್ದ.

“ಮೇಡಂ, ಗಂಡಸರು ಆಫೀಸರ್ ಯಾರೂ ಇಲ್ವಾ?”

“ಇಲ್ಲ. ಇಲ್ಲಿ ಗಂಡಸೂ ನಾನೇ, ಹೆಂಗಸೂ ನಾನೇ. ಕೂತ್ಕೊಂಡು ಏನು ಅಂತ ಹೇಳ್ರಿ.”

“ತಲೆನೋವು ಮೇಡಂ.”

“ತಲೆನೋವಿಗೆ ಡಾಕ್ಟ್ರ ಹತ್ರ ಹೋಗ್ರೀ! ನನ್ನ ಹತ್ರ ಯಾಕೆ ಬಂದ್ರಿ?”

ಹುಡುಗ ಬೆವರಿಬಿಟ್ಟ. ಟೋಪಿ ತೆಗೆದ, ಹಾಕಿದ, ಮತ್ತೆ ತೆಗೆದ. ಮುಂದಲೆ ಪೂರ್ತಿ ಖಾಲಿ. ನಾನು ಒಂದು ಕಾಗದ, ಪೆನ್ನು ಅವನ ಮುಂದೆ ತಳ್ಳಿ, “ಹೇಳೋಕಾಗದಿದ್ರೆ ಬರೀರಿ. ನಾನು ಕಿಟಕಿ ಕಡೆ ನೋಡ್ತಿರ್ತೀನಿ” ಅಂದೆ. ಬರೆದು ನಾಲ್ಕು ಮಡಿಕೆ ಮಾಡಿ ಕೊಟ್ಟ. ಕೂದಲಿನ ಮಾತ್ರೆ ತಿಂದ ಮೂರನೇ ತಿಂಗಳಿಂದ ಗಂಡಸುತನವೇ ಸತ್ತುಹೋದಂಗಾಗಿದೆ, ಮನಸ್ಸೂ ಸತ್ತಿದೆ, ನಿಶ್ಚಿತಾರ್ಥ ಎರಡು ಸಲ ಮುಂದಕ್ಕೆ ಹಾಕಿದ್ದೀನಿ, ಬಾವಿ ಹತ್ತಿರ ಹೋಗೋಕೆ ಭಯ ಆಗುತ್ತೆ. ಅಷ್ಟೇ ಬರೆದಿದ್ದ. ನನ್ನ ಮಗನ ವಯಸ್ಸು.

“ಕೊಟ್ರೇಶ, ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಇದು ಮಾತ್ರೆ ಮಾಡಿದ್ದು, ನೀವು ಮಾಡಿದ್ದಲ್ಲ” ಅಂದೆ. ಅವತ್ತೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಫೋನ್ ಮಾಡಿ ಕಳಿಸಿದೆ. ಬಾವಿ ಅಂತ ಬರೆದವನನ್ನ ನಾಳೆ ಬಾ ಅನ್ನಬಾರದು. ಅಷ್ಟು ಮಾತ್ರ ನಾನು ಸರಿ ಮಾಡಿದೆ.

ಮಾತ್ರೆ ಕೊಟ್ಟವನು ಶಿಕಾರಿಪುರದ ಒಂದು ಲಾಡ್ಜಿಗೆ ಹದಿನೈದು ದಿನಕ್ಕೊಂದು ಭಾನುವಾರ ಬಂದು ಕೂರೋ “ಕೇಶ ತಜ್ಞ”. ಚೀಟಿ ಇಲ್ಲ, ಬಿಲ್ಲು ಇಲ್ಲ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಡಿ ಮಾತ್ರೆ. “ಉಳಿದ ಮಾತ್ರೆ ಎಲ್ಲಿ?” ಅಂತ ಕೇಳಿದೆ. “ಹೊಟ್ಟೆಗೆ ಆಗಿಬರ್ತಿಲ್ಲ ಅಂತ ಹೇಳಿ ಅವ್ವನ ಕೈಗೆ ಕೊಟ್ಟೆ, ಬಿಸಾಕು ಅಂದೆ” ಅಂದ. ಅಯ್ಯೋ ಮಾರಾಯ, ಸಾಕ್ಷಿಯೇ ಹೋಯ್ತಲ್ಲ ಅಂತ ಟೇಬಲ್ ಗುದ್ದಿದೆ. ನನಗೆ ಕಂಡದ್ದು ಸಾಕ್ಷಿ ಮಾತ್ರ. ಹೋಗಿ ಅವ್ವನನ್ನ ಕೇಳೋಣ ಅಂದುಕೊಂಡೆ, ಅಷ್ಟರಲ್ಲಿ ತಿಂಗಳ ವರದಿ ಬಂತು, ಮೀಟಿಂಗ್ ಬಂತು. ಒಂದು ವಾರ ಕೂತುಬಿಟ್ಟೆ. ಹೊಸಬರೇ, ಈ ಒಂದು ವಾರವನ್ನ ನೆನಪಿಟ್ಟುಕೊಳ್ಳಿ. ಜೀವಮಾನದ ದೊಡ್ಡ ತಪ್ಪು ನಾನು ಮಾಡಿದ್ದು ಯಾವ ದಾಳಿಯಲ್ಲೂ ಅಲ್ಲ, ಕುರ್ಚಿಯಲ್ಲಿ ಕೂತು.

ಮುಂದಿನ ಶುಕ್ರವಾರ ಬೆಳಗ್ಗೆ ನಮ್ಮ ಡ್ರೈವರ್ ಮಲ್ಲಪ್ಪನ ಜೀಪಿನಲ್ಲಿ ಈಸೂರಿಗೆ ಹೋದೆ. ಕೊಟ್ರೇಶನ ತಾಯಿ ಗಂಗಮ್ಮ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದರು. ತೆಳ್ಳಗಿನ ಹೆಂಗಸು, ಮಾತು ಜೋರು.

“ಗಂಗಮ್ಮಾ, ಮಗ ಕೊಟ್ಟ ಡಬ್ಬಿ ಬಿಸಾಕಿದ್ರಾ?”

“ಏ, ಡಬ್ಬಿ ಯಾಕೆ ಬಿಸಾಕ್ಲಿ? ಮುಚ್ಚಳ ಗಟ್ಟಿ ಐತ್ರೀ. ಸಾಸಿವೆ ಹಾಕೀನಿ.”

ಇದಪ್ಪಾ ನಮ್ಮ ಊರ ಹೆಂಗಸರು! ಒಳಗಿಂದ ತಂದುಕೊಟ್ಟರು. ಡಬ್ಬಿ ಮೇಲೆ ಹಸಿರು ಎಲೆಯ ಚಿತ್ರ. “ಶುದ್ಧ ಗಿಡಮೂಲಿಕೆ, ಅಡ್ಡ ಪರಿಣಾಮ ಇಲ್ಲ.” ತಯಾರಿಸಿದವರ ಹೆಸರಿಲ್ಲ, ದಿನಾಂಕ ಇಲ್ಲ, ಒಳಗೆ ಏನಿದೆ ಅನ್ನೋದಂತೂ ಇಲ್ಲವೇ ಇಲ್ಲ. ಸಾಸಿವೆ ಕಾಳಿನ ನಡುವೆ ಒಂದು ಒಡೆದ ಮಾತ್ರೆ ಸಿಕ್ಕಿತು. ನನಗೆ ನಿಧಿ ಸಿಕ್ಕಷ್ಟು ಸಂತೋಷ. “ಉಳಿದದ್ದು?” ಅಂದೆ.

ಗಂಗಮ್ಮ ಆಚೀಚೆ ನೋಡಿ ಹತ್ತಿರ ಬಂದರು. “ಕೊಟ್ರನ ಮುಂದೆ ಹೇಳ್ಬ್ಯಾಡ್ರಿ ಮತ್ತೆ. ಹೊಟ್ಟೆಗೆ ಒಗ್ಗಲಿಲ್ಲ ಅಂತಾನೆ. ಅಲ್ರೀ, ಕೂದಲಿನ ಔಷಧಿ ಹೊಟ್ಟೆಗ್ಯಾಕೆ ತಿನ್ಬೇಕು? ತಲೆಗೆ ಹಚ್ಬೇಕಲ್ಲ! ಅಷ್ಟು ತಿಳಿಯಂಗಿಲ್ಲ ಈ ಓದಿದೋರಿಗೆ. ಹಂಗೇ ಬಿಸಾಕಾಕೆ ಮನಸು ಬರ್ಲಿಲ್ಲ. ಒರಳಾಗೆ ನುಣ್ಣಗೆ ಅರ್ದು ಗರುಗದ ಎಣ್ಣೆಗೆ ಕಲಸೀನಿ.”

ಗರುಗ ಅಂದರೆ ಗದ್ದೆ ಬದುವಿನಲ್ಲಿ ಬೆಳೆಯೋ ಸೊಪ್ಪು, ಕೂದಲಿಗೆ ಒಳ್ಳೇದು ಅಂತ ನಮ್ಮ ಕಡೆ ಎಣ್ಣೆ ಕಾಯಿಸ್ತಾರೆ. ನನಗೆ ನಗು ಬಂತು. ನಿಜ ಹೇಳ್ತೀನಿ, ನಕ್ಕೆ! ಆಯಮ್ಮನ ಲೆಕ್ಕಾಚಾರ ಒಂದು ರೀತಿ ಸರಿಯಾಗೇ ಇತ್ತಲ್ಲ. “ಎಣ್ಣೆ ಎಲ್ಲಿದೆ, ಕೊಡಿ” ಅಂದೆ.

“ಹೋದ ವಾರ ಹೊಸಬಾಳೆಗೆ ಕಳಿಸೀನ್ರಿ. ನನ್ನ ಮಗಳು ಸುಜಾತ ತಮ್ಮನ ತಲೆಗೆ ತಿಕ್ತಾಳೆ, ಬುಧವಾರ, ಶನಿವಾರ. ಆಕೆಗೂ ಕೂದ್ಲು ಉದುರ್ತಾವೆ, ಶುಕ್ರವಾರ ನೀನೂ ಹಚ್ಕ ಅಂದೀನಿ. ಬಸುರಿ ಹೆಂಗ್ಸು, ತಂಪು ಬೇಕಲ್ರೀ. ಎರಡು ಸಲ ಹೋಗಿ, ಈಗ ನಿಂತೈತಿ. ಮೂರು ತಿಂಗಳಾತು.”

ನನ್ನ ನಗು ಬಾಯಲ್ಲೇ ಒಣಗಿಹೋಯ್ತು.

ಆ ಮಾತ್ರೆ ಏನಿರಬಹುದು ಅಂತ ಕೊಟ್ರೇಶನ ಕಾಗದ ಓದಿದಾಗಲೇ ನನಗೆ ಅಂದಾಜಿತ್ತು. ಫಿನಸ್ಟರೈಡ್. ಕೆಟ್ಟ ಔಷಧಿ ಏನಲ್ಲ. ಡಾಕ್ಟರು ನೋಡಿ, ಹೇಳಿ, ಕಣ್ಣಿಟ್ಟು ಕೊಟ್ಟರೆ ಎಷ್ಟೋ ಗಂಡಸರಿಗೆ ಒಗ್ಗುತ್ತೆ, ಕೆಲವರಿಗೆ ಕೊಟ್ರೇಶನ ಹಾಗೆ ಒಗ್ಗಲ್ಲ. ಆದರೆ ಅದರ ಅಸಲಿ ಪ್ಯಾಕೆಟ್ಟಿನ ಒಳಗಿನ ಚೀಟಿಯಲ್ಲಿ ಒಂದು ಎಚ್ಚರಿಕೆ ಇರುತ್ತೆ. ಒಡೆದ ಮಾತ್ರೆ, ಪುಡಿಯಾದ ಮಾತ್ರೆಯನ್ನ ಬಸುರಿ ಹೆಂಗಸು ಕೈಯಲ್ಲೂ ಮುಟ್ಟಬಾರದು. ಹೊಟ್ಟೆಯಲ್ಲಿರೋದು ಗಂಡು ಕೂಸಾದರೆ ಅದರ ಗಂಡಿನ ಅಂಗ ಸರಿಯಾಗಿ ರೂಪುಗೊಳ್ಳದೇ ಇರಬಹುದು. ಆ ಚೀಟಿ ಎಸೆದು, ಎಲೆಯ ಚಿತ್ರ ಅಂಟಿಸಿ, ಆ ಪುಣ್ಯಾತ್ಮ ಮಾರಿದ್ದ. ಇಲ್ಲಿ ಅದೇ ಪುಡಿಯನ್ನ ಎಣ್ಣೆಯಲ್ಲಿ ಕಲಸಿ ಮೂರು ತಿಂಗಳ ಬಸುರಿ ಅಂಗೈಯಲ್ಲಿ ತಿಕ್ಕುತ್ತಿದ್ದಾಳೆ. ಮತ್ತೆ ಅವತ್ತು ಶುಕ್ರವಾರ!

ಹೊಸಬಾಳೆಗೆ ಫೋನ್ ಹಚ್ಚಿದರೆ ಸಿಗ್ನಲ್ ಇಲ್ಲ. ಕೊಟ್ರೇಶನ ಫೋನು ರಿಂಗಾಗ್ತಿದೆ, ಎತ್ತೋರಿಲ್ಲ, ಮೇಷ್ಟ್ರು ಮೈದಾನದಲ್ಲಿರಬೇಕು. “ಮಲ್ಲಪ್ಪಾ, ಬಿಡೋ ಗಾಡಿ!” ಅಂದೆ. ಮೂವತ್ತು ವರ್ಷ ನಿಧಾನಕ್ಕೆ ಹೋಗು ನಿಧಾನಕ್ಕೆ ಹೋಗು ಅಂತಿದ್ದವಳು ಅವತ್ತು, “ಇನ್ನೂ ಜೋರು, ಇನ್ನೂ ಜೋರು” ಅಂತ ಡ್ಯಾಶ್‌ಬೋರ್ಡ್ ಬಡೀತಿದ್ದೆ. ಶಿಕಾರಿಪುರದ ಸಂತೆ ಗಾಡಿಗಳು ಅಡ್ಡ, ಶಿರಾಳಕೊಪ್ಪದ ಸರ್ಕಲ್ಲಿನಲ್ಲಿ ಬಸ್ಸು ಅಡ್ಡ. ಮಲ್ಲಪ್ಪ, “ಮೇಡಂ, ರಿಟೈರ್ಮೆಂಟ್‌ಗೆ ಮೊದ್ಲೇ ಇಬ್ರೂ ಮೇಲಕ್ಕೆ ಹೋಗ್ತೀವಿ ಬಿಡ್ರಿ” ಅಂದ, ಆದರೂ ಕಾಲು ತೆಗೀಲಿಲ್ಲ.

ಹೊಸಬಾಳೆಯ ಮನೆ ಮುಂದೆ ಜೀಪು ನಿಂತಾಗ ಸುಜಾತ ಜಗಲಿ ಮೇಲೆ ಕೂದಲು ಬಿಚ್ಚಿ ಕೂತಿದ್ದಳು. ಎಡಗೈಯಲ್ಲಿ ಬಾಟಲಿ, ಬಲ ಅಂಗೈ ತುಂಬ ಹಸಿರು ಎಣ್ಣೆ. ನಾನು ಇಳಿದದ್ದಲ್ಲ, ಹಾರಿದ್ದು.

“ಮುಟ್ಬೇಡಮ್ಮಾ! ತಲೆ ಮುಟ್ಬೇಡಾ!”

ಅವಳ ಅತ್ತೆ ದ್ಯಾವಮ್ಮ ಒಳಗಿಂದ ಓಡಿಬಂದು, “ಎಂತ ಆಯ್ತೇ? ಪೊಲೀಸ್ರು ಯಾಕೆ ಬಂದ್ರು?” ಅಂತ ಎದೆ ಹಿಡಿದುಕೊಂಡು ನಿಂತರು. ನಾನು ಆ ಹುಡುಗಿಯ ಮೊಣಕೈ ಹಿಡಿದು ನಲ್ಲಿ ಹತ್ತಿರ ಎಳೆದುಕೊಂಡು ಹೋದೆ. ಸೋಪು ಹಾಕಿ ನಾನೇ ಕೈ ಉಜ್ಜಿದೆ, ಬೆರಳ ಸಂದಿ, ಉಗುರಿನ ಬುಡ, ಎಲ್ಲ. ಆಮೇಲೆ ಸೀಗೆಪುಡಿ ಕೇಳಿ ತಲೆ ತೊಳೆದೆ. ನನ್ನ ಸೀರೆ ಪೂರ್ತಿ ಒದ್ದೆ. ಸಾಕ್ಷಿ ಇಲ್ಲ, ಪಂಚನಾಮೆ ಇಲ್ಲ, ಮೊಹರು ಇಲ್ಲ. ಮೂವತ್ತು ವರ್ಷದ ಕಾಗದ ಅವತ್ತು ಬಚ್ಚಲ ನೀರಿನಲ್ಲಿ ಹರಿದುಹೋಯ್ತು. ಒಂದಿಷ್ಟೂ ಬೇಜಾರಿಲ್ಲ.

ಆದರೆ ಯಾಕೆ ಅಂತ ಹೇಳಲೇಬೇಕಲ್ಲ. ಹೇಳಿದೆ. ಕೇಳಿದ ದ್ಯಾವಮ್ಮ ಬಾಟಲಿ ಎತ್ತಿಕೊಂಡು ಗೊಬ್ಬರಗುಂಡಿ ಕಡೆ ನಡೆದೇಬಿಟ್ಟರು. ನಾನು ಹಿಂದೆ ಓಡಿದೆ. “ಕೊಡ್ರಮ್ಮಾ, ಅದು ಬೇಕು!” “ಎಂತಕ್ಕೆ ಬೇಕು ಈ ವಿಷ?” ಇಬ್ಬರು ಮುದುಕಿಯರು ಗೊಬ್ಬರಗುಂಡಿ ದಡದಲ್ಲಿ ಬಾಟಲಿಗೆ ಜಗ್ಗಾಡಿದ್ದನ್ನ ಮಲ್ಲಪ್ಪ ಈಗಲೂ ಹೇಳಿಕೊಂಡು ನಗ್ತಾನೆ. ಅಂತೂ ಕಿತ್ತುಕೊಂಡೆ. ದ್ಯಾವಮ್ಮ ಅಲ್ಲೇ ನೆಲದ ಮೇಲೆ ಕೂತು, “ಹೆತ್ತ ತಾಯಿಯೇ ಅರೆದು ಕಳಿಸಿದ್ಲಾ? ಆ ಹೆಂಗ್ಸು ಇನ್ನು ನಮ್ಮನೆ ಹೊಸ್ತಿಲು ತುಳೀಬಾರ್ದು” ಅಂದರು. ಅವತ್ತಿಂದ ಬೀಗತಿಯರ ಮಾತು ಕಡಿದುಹೋಯ್ತು.

ಹೆರಿಗೆ ಡಾಕ್ಟರ ಹತ್ತಿರ ಸುಜಾತಾಳನ್ನ ನಾನೇ ಕರೆದುಕೊಂಡು ಹೋದೆ. ಆ ಡಾಕ್ಟರು ಸುತ್ತಿಬಳಸಿ ಮಾತಾಡಲಿಲ್ಲ. “ಚರ್ಮದಿಂದ ಒಳಗೆ ಹೋಗಿರೋದು ಬಹಳ ಕಮ್ಮಿ ಇರಬಹುದು. ಏನೂ ಆಗದೇ ಇರಬಹುದು. ಆದರೆ ಆಗಲ್ಲ ಅಂತ ನಾನು ಬರೆದು ಕೊಡೋಕಾಗಲ್ಲ. ಹೆಣ್ಣಾದರೆ ಈ ಚಿಂತೆಯೇ ಇಲ್ಲ. ಗಂಡಾದರೆ ಮೂತ್ರದ ದಾರಿ ಸರಿಯಾದ ಜಾಗದಲ್ಲಿದೆಯಾ ಅಂತ ಹುಟ್ಟಿದ ಮೇಲೇ ಖಾತ್ರಿ.” ಸುಜಾತ ಮೆಲ್ಲಗೆ, “ಗಂಡೋ ಹೆಣ್ಣೋ ಸ್ಕ್ಯಾನಿಂಗಲ್ಲಿ...” ಅಂದಳು. “ಕೇಳಲೇಬೇಡಿ. ಅದನ್ನ ಹೇಳೋದು ಅಪರಾಧ” ಅಂದರು ಡಾಕ್ಟರು. ಕಾನೂನು ಸರಿಯಾಗೇ ಇದೆ, ಹೆಣ್ಣುಕೂಸುಗಳನ್ನ ಉಳಿಸೋಕೆ ಮಾಡಿದ್ದು. ಆದರೆ ಆ ಹುಡುಗಿ ಇನ್ನೂ ಆರು ತಿಂಗಳು ಕಾಯಬೇಕಿತ್ತು.

ಇನ್ನು ಆ ಕೇಶ ತಜ್ಞ. ಎಣ್ಣೆ ಬಾಟಲಿಯಿಂದ ಅವನನ್ನ ಹಿಡಿಯೋಕಾಗಲ್ಲ, ಅದು ಗಂಗಮ್ಮ ಮಾಡಿದ್ದು. ಅವನ ಕೈಯಿಂದಲೇ ಡಬ್ಬಿ ತಗೋಬೇಕು. ಅವನು ಬರೋ ಭಾನುವಾರಕ್ಕೆ ಕಾದೆ. ಅವತ್ತು ಜೀಪು ದೂರ ನಿಲ್ಲಿಸಿ, ಹಳೇ ಸೀರೆ ಉಟ್ಟು, ಜಡೆ ಬಿಚ್ಚಿ ತೆಳ್ಳಗೆ ಬಿಟ್ಟುಕೊಂಡು ನಾನೇ ಹೋದೆ. ವಯಸ್ಸಾದ ಮೇಲೆ ನನ್ನ ಕೂದಲೂ ಇಲಿ ಬಾಲದಷ್ಟೇ ಉಳಿದಿತ್ತು, ವೇಷ ಹಾಕೋ ಕೆಲಸ ಇರಲಿಲ್ಲ! ಲಾಡ್ಜಿನ ಮೆಟ್ಟಿಲ ಮೇಲೆ ಏಳೆಂಟು ಗಂಡಸರು, ಎಲ್ಲರ ತಲೆ ಮೇಲೂ ಟೋಪಿ, ಯಾರೂ ಯಾರ ಮುಖವನ್ನೂ ನೋಡ್ತಿಲ್ಲ.

ಒಳಗೆ ಆ ಮಹಾನುಭಾವ ನನ್ನ ತಲೆಗೆ ಕ್ಯಾಮೆರಾ ಇರೋ ಒಂದು ಬೆಳಕಿನ ಕಡ್ಡಿ ಹಿಡಿದು ಫೋನಿನಲ್ಲಿ ನೋಡಿದ. “ಬೇರು ನಿದ್ದೆ ಮಾಡ್ತಿವೆ ಅಮ್ಮಾ. ಎಬ್ಬಿಸ್ತೀನಿ.” ಅದೇ ಡಬ್ಬಿ, ಅದೇ ಎಲೆ! ಕೈಗೆ ತಗೊಂಡು ಕೇಳಿದೆ, “ನನ್ನ ಸೊಸೆ ಬಸುರಿ, ಅವಳಿಗೂ ಕೂದ್ಲು ಉದುರುತ್ತೆ. ಅವಳಿಗೂ ಕೊಡಬಹುದಾ?”

“ಧಾರಾಳವಾಗಿ! ಬರೀ ಎಲೆ ಅಮ್ಮಾ ಇದು. ಹುಟ್ಟೋ ಮಗುಗೂ ಗುಂಗುರು ಕೂದಲು ಬರುತ್ತೆ.”

ಕಪಾಳಕ್ಕೆ ಬಾರಿಸಬೇಕು ಅನ್ನೋಷ್ಟು ಕೈ ತುರಿಸಿತು. ಕಾಗದ ಮೊದಲು, ಕಾಗದ ಮೊದಲು ಅಂತ ಮನಸ್ಸಿನಲ್ಲೇ ಜಪ ಮಾಡಿ ಗುರುತಿನ ಚೀಟಿ ತೆಗೆದು ಮುಂದಿಟ್ಟೆ. ಅವನ ಮುಖದ ಬಣ್ಣ ಇಳಿದದ್ದನ್ನ ನೋಡಬೇಕಿತ್ತು ನೀವು! ಮಂಚದ ಕೆಳಗೆ ಒಂದು ಸೂಟ್‌ಕೇಸು, ಅದರ ತುಂಬ ಮಾತ್ರೆಯ ಪಟ್ಟಿ. ಮಾತ್ರೆ ಬಿಡಿಸಿ ಡಬ್ಬಿಗೆ ತುಂಬಿದ ಮೇಲೆ ಉಳಿದ ಖಾಲಿ ಬೆಳ್ಳಿ ಕಾಗದ ಒಂದು ಚೀಲ. ಲಾಡ್ಜಿನ ಮ್ಯಾನೇಜರು ಒಬ್ಬ ಸಾಕ್ಷಿ. ಇನ್ನೊಬ್ಬ ಬೇಕು. ಹೊರಗೆ ಬಂದು ಕೂಗಿದೆ, “ನಿಮ್ಮಲ್ಲಿ ಯಾರಾದ್ರೂ ಸಾಕ್ಷಿಗೆ ಬರ್ತೀರೇನ್ರಪ್ಪಾ?” ಎಲ್ಲರೂ ಗೋಡೆ ನೋಡಿದರು. ಕೊನೆಗೆ ಒಬ್ಬ ಹಿರಿಯ ಟೋಪಿ ತೆಗೆದು, “ಇರೋದೇ ಬೋಳು, ಇನ್ನೇನು ಹೋಗ್ತೈತಿ, ಬರ್ತೀನ್ರಿ” ಅಂದ. ನಾಲ್ಕು ಪಾಲು ಮಾಡಿ ಮೊಹರು ಹಾಕಿ, ಕೇಶ ತಜ್ಞನ ಪಾಲನ್ನ ಅವನ ಕೈಗೇ ಕೊಟ್ಟು ಸಹಿ ಹಾಕಿಸಿಕೊಂಡೆ. ಪ್ರಯೋಗಾಲಯದ ವರದಿ ಬಂತು. ಫಿನಸ್ಟರೈಡೇ. ಎಲೆ ಅನ್ನೋದು ಡಬ್ಬಿ ಮೇಲೆ ಬಿಟ್ಟರೆ ಎಲ್ಲೂ ಇರಲಿಲ್ಲ.

ಲೈಸೆನ್ಸ್ ಇಲ್ಲದೆ ಮಾರಿದ್ದಕ್ಕೆ ನಾನು ಹಾಕಿದ ಕೇಸು ಒಂದು ಕಡೆ. ಪರಿಹಾರ ಕೇಳಿ ಕೊಟ್ರೇಶ, ಸುಜಾತ ಗ್ರಾಹಕರ ಆಯೋಗಕ್ಕೆ ಹಾಕಿದ್ದು ಇನ್ನೊಂದು ಕಡೆ. ಅಲ್ಲೇ ನೋಡಿ ಆಟ ಶುರುವಾಗಿದ್ದು. ಆ ಕೇಶ ತಜ್ಞ ಗಂಗಮ್ಮನ ಮನೆಗೆ ಯಾರನ್ನೋ ಕಳಿಸಿದ. “ಅರೆದು ಎಣ್ಣೆಗೆ ಹಾಕಿದ್ದು ನೀನು. ಕೇಸು ನಡೆದರೆ ನಿನ್ನ ಹೆಸರೇ ಮೊದಲು ಬರೋದು. ಮಗಳ ಬಸುರಿಗೆ ವಿಷ ಹಾಕಿದ ತಾಯಿ ಅಂತ ಪೇಪರಿನಲ್ಲಿ ಬರುತ್ತೆ.” ಕೊಟ್ರೇಶ, ಸುಜಾತರ ವಕೀಲರೂ ಹೆದರಿ, “ಅಜ್ಜಿ, ಕೇಳಿದರೆ ನೆನಪಿಲ್ಲ ಅಂದುಬಿಡಿ” ಅಂತ ಹೇಳಿಕೊಟ್ಟರು.

ವಿಚಾರಣೆಗೆ ನಾನೂ ಸಾಕ್ಷಿಯಾಗಿ ಹೋಗಿದ್ದೆ. ಸುಜಾತಾಳಿಗೆ ಆಗ ಎಂಟು ತಿಂಗಳು ತುಂಬಿತ್ತು. ಒಂದು ಬೆಂಚಿನಲ್ಲಿ ಅವಳು, ಗಂಡ, ದ್ಯಾವಮ್ಮ. ದೂರದ ಇನ್ನೊಂದು ಬೆಂಚಿನ ತುದಿಯಲ್ಲಿ ಗಂಗಮ್ಮ ಒಬ್ಬರೇ. ಎದುರು ಪಕ್ಷದ ವಕೀಲರು ಕೇಳಿದರು, “ಮಾತ್ರೆ ಅರೆದದ್ದು ಯಾರಮ್ಮಾ?”

ಗಂಗಮ್ಮ ನಮ್ಮ ವಕೀಲರ ಕಡೆ ನೋಡಲೇ ಇಲ್ಲ. “ನಾನೇ ಅರ್ದೆ. ಈ ಕೈಯಾಗೇ. ನನಗೆ ಓದಾಕೆ ಬರಲ್ರೀ. ಡಬ್ಬಿ ಮ್ಯಾಲೆ ಎಲೆ ಚಿತ್ರ ಇತ್ತು, ಎಲೆ ಅಂದ್ಕಂಡೆ. ಬಸುರಿ ಮುಟ್ಟಬಾರ್ದು ಅಂತ ಒಂದು ಗೆರೆ ಬರ್ದಿದ್ರೆ ನನ್ನ ಮಗ ಓದಿ ಹೇಳ್ತಿದ್ದ. ಎಲೆ ಚಿತ್ರ ಬರೆಯಾಕೆ ಜಾಗ ಇತ್ತು, ಅದೊಂದು ಗೆರೆಗೆ ಜಾಗ ಇರ್ಲಿಲ್ವೇನ್ರಿ? ನನ್ನ ತಪ್ಪಿಗೆ ನನಗೇನು ಶಿಕ್ಷೆ ಕೊಡ್ತೀರೋ ಕೊಡ್ರಿ. ಅವನ ತಪ್ಪು ನನ್ನ ಸೆರಗಿಗೆ ಕಟ್ಟಬ್ಯಾಡ್ರಿ.”

ಆ ವಕೀಲರು ಕಡತ ಮುಚ್ಚಿ ಕೂತರು. ನಾನು ಎಷ್ಟು ಸಲ ಕಟಕಟೆ ಹತ್ತಿದ್ದೀನೋ, ಇಂಥ ಸಾಕ್ಷಿ ಹೇಳಿದವರನ್ನ ಕಂಡಿಲ್ಲ. ಆದೇಶ ತಿಂಗಳುಗಳಾದ ಮೇಲೆ ಬಂತು. ಅಕ್ಕ ತಮ್ಮ ಇಬ್ಬರಿಗೂ ಪರಿಹಾರ ಕೊಡಬೇಕು ಅಂತಾಯ್ತು, ಎಚ್ಚರಿಕೆ ಮುಚ್ಚಿಟ್ಟದ್ದೇ ಮೂಲ ತಪ್ಪು ಅಂತ ಬರೆದಿದ್ದರು. ಕೊಟ್ರೇಶ ಚಿಕಿತ್ಸೆಯಲ್ಲಿ ನಿಧಾನಕ್ಕೆ ಚೇತರಿಸಿಕೊಂಡ, ಮದುವೆಯೂ ಆಯ್ತು. ಈಗ ಟೋಪಿ ಇಲ್ಲದೆ ಮೈದಾನಕ್ಕೆ ಹೋಗ್ತಾನೆ. ಇವೆಲ್ಲ ಆಮೇಲಿನ ಮಾತು.

ವಿಚಾರಣೆ ದಿನ ದ್ಯಾವಮ್ಮ ಬೀಗತಿಯ ಮಾತು ಕೇಳಿದರು. ಕಣ್ಣು ಒರೆಸಿಕೊಂಡರು ಕೂಡ. ಆದರೆ ಮಾತಾಡಿಸಲಿಲ್ಲ, ಎದ್ದು ಹೋದರು. ಅವರಿಗೂ ಭಯ ಇತ್ತಲ್ಲ. ಆ ಮನೆಯಲ್ಲಿ ಆರು ತಿಂಗಳು ಏನು ನಡೀತಿತ್ತು ಗೊತ್ತಾ? ಹೆಣ್ಣಾಗಲಿ ಅಂತ ಹರಕೆ! ಗಂಡು ಬೇಕು, ವಂಶ ಬೇಕು ಅಂತಿದ್ದ ಆ ದ್ಯಾವಮ್ಮ ಊರಿನ ಗುಡಿಗಳಿಗೆಲ್ಲ ಹೋಗಿ, “ಹೆಣ್ಣು ಕೊಡವ್ವಾ, ಹೆಣ್ಣನ್ನೇ ಕೊಡು” ಅಂತ ಕೈ ಮುಗೀತಿದ್ದರು. ಪೂಜಾರಿ ತಪ್ಪು ಕೇಳಿಸ್ತೇನೋ ಅಂತ ಎರಡು ಸಲ ಕೇಳಿದನಂತೆ.

ಸುಜಾತಾಳಿಗೆ ನೋವು ಬಂದಾಗ ನಾನು ನಿವೃತ್ತಿಯಾಗಿ ಒಂದು ವಾರ. ಅಧಿಕಾರಿಯಾಗಿದ್ದರೆ ಹೋಗಬಾರದಿತ್ತು, ಈಗ ನನ್ನನ್ನ ಕೇಳೋರ್ಯಾರು? ಬಸ್ ಹತ್ತಿ ಆಸ್ಪತ್ರೆಗೆ ಹೋದೆ. ಹೆರಿಗೆ ಕೋಣೆಯ ಹೊರಗೆ ಗಂಡ, ಕೊಟ್ರೇಶ, ದ್ಯಾವಮ್ಮ. ಮೆಟ್ಟಿಲ ಹತ್ತಿರ ಕಂಬದ ಮರೆಯಲ್ಲಿ ಗಂಗಮ್ಮ. ಹತ್ತಿರ ಬರೋ ಧೈರ್ಯ ಇರಲಿಲ್ಲ ಆಯಮ್ಮನಿಗೆ.

ನರ್ಸು ಬಾಗಿಲು ತೆಗೆದು ಮುಖ ಅರಳಿಸಿಕೊಂಡು ಕೂಗಿದಳು, “ಗಂಡು ಮಗು! ಎಲ್ಲಿ, ಸ್ವೀಟ್ ಎಲ್ಲಿ?”

ಕೊಟ್ರೇಶ ಗೋಡೆಗೆ ಹಣೆ ಒತ್ತಿ ನಿಂತ. ದ್ಯಾವಮ್ಮ ಕುಸಿದು ಕೂತರು. ಪಾಪ, ಆ ನರ್ಸಿಗೆ ತಲೆಬುಡ ಅರ್ಥವಾಗಲಿಲ್ಲ, “ಗಂಡು ಅಂದೆ ಕಣ್ರೀ” ಅಂತ ಮತ್ತೊಮ್ಮೆ ಹೇಳಿ ಒಳಗೆ ಹೋದಳು. ಡಾಕ್ಟರು ಬರೋಕೆ ಎಷ್ಟು ಹೊತ್ತಾಯ್ತೋ, ನನಗಂತೂ ಒಂದು ವರ್ಷ ಕಳೆದಂಗಾಯ್ತು. ಬಂದವರು ಮಾಸ್ಕು ಇಳಿಸಿ, “ಎಲ್ಲ ಸರಿಯಾಗಿದೆ. ನಾನೇ ಎರಡು ಸಲ ನೋಡಿದೆ” ಅಂದರು.

ಸುಜಾತಾಳ ಗಂಡ ಗಳಗಳ ಅತ್ತ. ನಾನೂ ಅತ್ತೆ, ಮುಚ್ಚಿಡೋದೇನು. ಆದರೆ ಗಂಗಮ್ಮ ಕಂಬ ಬಿಟ್ಟು ಬರಲಿಲ್ಲ. ಬೇರೆಯವರು ಹೇಳಿದ್ದನ್ನ ನಂಬೋ ಶಕ್ತಿ ಆ ಮುಖದಲ್ಲಿ ಉಳಿದಿರಲಿಲ್ಲ. ಬಟ್ಟೆ ಸುತ್ತಿದ ಕೂಸನ್ನ ನರ್ಸು ತಂದು ದ್ಯಾವಮ್ಮನ ಕೈಗೆ ಕೊಟ್ಟಳು. ದ್ಯಾವಮ್ಮ ಕೂಸನ್ನ ಒಂದು ಕ್ಷಣವೂ ಇಟ್ಟುಕೊಳ್ಳಲಿಲ್ಲ. ಎದ್ದು ನೇರ ಕಂಬದ ಹತ್ತಿರ ನಡೆದರು.

“ಬೀಗ್ತೀ, ಹಿಡ್ಕಳಿ.”

ಗಂಗಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. “ನಾ ಮುಟ್ಟಲ್ರೀ. ಈ ಕೈ ಬ್ಯಾಡ್ರೀ.”

“ಹಿಡ್ಕಳಿ ಅಂದೆ. ನೀವೇ ನೋಡ್ಕಳಿ, ನಿಮ್ ಕಣ್ಣಾರೆ” ಅಂತ ದ್ಯಾವಮ್ಮ ಅಷ್ಟು ಜನರ ನಡುವೆ ಬಟ್ಟೆ ಬಿಚ್ಚಿ ಕೂಸನ್ನ ಗಂಗಮ್ಮನ ಎದೆಗೆ ಒಡ್ಡಿದರು. ಗಂಗಮ್ಮ ಬೆನ್ನ ಹಿಂದಿನ ಕೈ ಮುಂದೆ ತಂದು ಎತ್ತಿಕೊಂಡು ಬಗ್ಗಿ ನೋಡಿದರು. ತಣ್ಣನೆ ಗಾಳಿ ತಾಗಿತೋ ಏನೋ, ಆ ಪುಟ್ಟ ಪೋರ ಒಂದು ಸಲ ಮೈ ಮುರಿದು, ನೆಟ್ಟಗೆ, ಕಮಾನು ಹಾಕಿದಂಗೆ, ಅಜ್ಜಿಯ ಮುಖದ ಮೇಲೇ ಉಚ್ಚೆ ಹೊಯ್ದ!

ಇಡೀ ವಾರ್ಡು ಗೊಳ್ಳೆಂದು ನಕ್ಕಿತು. ನರ್ಸು ಬಟ್ಟೆ ಹಿಡಿದು ಓಡಿಬಂದಳು. ಗಂಗಮ್ಮ ತಲೆ ಅಲ್ಲಾಡಿಸಿದರು. ಹಣೆಯಿಂದ, ಕೆನ್ನೆಯಿಂದ ತೊಟ್ಟಿಕ್ಕುತ್ತಿತ್ತು, ಕಣ್ಣೀರು ಯಾವುದು ಅದು ಯಾವುದು ಗೊತ್ತಾಗುವಂತಿರಲಿಲ್ಲ. ಆಯಮ್ಮ ಮುಖ ಒರೆಸಿಕೊಳ್ಳಲೇ ಇಲ್ಲ.